ಹದಿನೈದು ಹೆಜ್ಜೆ ದೂರದ ರೋಗ

ನನ್ನ ಕೆಲಸ ಕೂಗುವುದಾಗಿತ್ತು.

ಹಾನಗಲ್ ತಾಲೂಕಿನ ಒಂದು ಸರಕಾರಿ ದವಾಖಾನೆ. ಯಾವ ಊರಿನದು ಎಂದು ಬರೆಯುವುದಿಲ್ಲ. ಅಂಥದ್ದು ಅದೊಂದೇ ಅಲ್ಲ. ಮುಂದೆ ಪಡಸಾಲೆ. ಪಡಸಾಲೆಯ ಮೇಲೆ ಡಾಕ್ಟರರ ಕುರ್ಚಿ. ಅಂಗಳದ ಆಚೆ ತುದಿಗೆ ಬೇವಿನ ಮರ. ಕುರ್ಚಿಯಿಂದ ಮರಕ್ಕೆ ಹದಿನೈದು ಹೆಜ್ಜೆ. ಊರಿನವರು ಒಳಗೆ ಬಂದು ಬಾಕಿನ ಮೇಲೆ ಕೂಡುತ್ತಿದ್ದರು. ಕೇರಿಯ ಜನ ಮರದ ಕೆಳಗೆ ನಿಲ್ಲಬೇಕಾಗಿತ್ತು.

ಮೈಮೇಲೆ ಮಚ್ಚೆ, ಗುಳ್ಳೆ, ಹುಣ್ಣು ಇದ್ದವರು ಕೇರಿಯಿಂದ ಬಂದರೆ ನಾನು ಮರದ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ನೋಡಿದ್ದನ್ನು ಕೂಗಿ ಹೇಳುತ್ತಿದ್ದೆ. ಡಾಕ್ಟರು ಕುರ್ಚಿಯಲ್ಲಿ ಕುಳಿತು ಬರೆದುಕೊಳ್ಳುತ್ತಿದ್ದರು.

"ಬಣ್ಣ?"

"ಬಿಳಿಚು."

"ಗಾತ್ರ?"

"ಹುಣಸೆ ಬೀಜದಷ್ಟು. ಏಳೆಂಟು ಅದಾವ್ರಿ."

"ಅಂಚು?"

"ಸ್ಪಷ್ಟ ಐತ್ರಿ."

"ಮೇಲ್ಮೈ?"

"ಒಣ."

ರಿಜಿಸ್ಟರಿನಲ್ಲಿ ಐದು ಕಾಲಂ ಇದ್ದವು. ಐದನೆಯದು ಸ್ಪರ್ಶ ಪರೀಕ್ಷೆ. ರೋಗಿ ಕಣ್ಣು ಮುಚ್ಚಬೇಕು. ಮಚ್ಚೆಯ ಮೇಲೆ ಹತ್ತಿಯ ಎಳೆ ತಾಗಿಸಬೇಕು. ತಾಗಿದ ಜಾಗವನ್ನು ರೋಗಿ ಬೆರಳಿಟ್ಟು ತೋರಿಸಬೇಕು. ತೋರಿಸಲಾಗದಿದ್ದರೆ ಕುಷ್ಠದ ಶಂಕೆ. ನಾಲ್ಕು ಕಾಲಂ ನಾನು ಕೂಗುತ್ತಿದ್ದೆ. ಐದನೆಯದನ್ನು ಡಾಕ್ಟರು ಕೇಳುತ್ತಲೇ ಇರಲಿಲ್ಲ. ತಾವೇ ತುಂಬುತ್ತಿದ್ದರು. ಯಾವಾಗಲೂ ಒಂದೇ ಮಾತು: 'ಸ್ಪರ್ಶ ತಿಳಿಯುವುದಿಲ್ಲ.'

ನಾನು ಬಿ.ಎಸ್ಸಿ. ಓದಿದ್ದು ಧಾರವಾಡದಲ್ಲಿ. ತವರು ಸವಣೂರು, ಗಂಡನ ಮನೆ ಶಿಗ್ಗಾಂವಿ. ಅರವತ್ತೊಂದನೆಯ ಇಸವಿಯಲ್ಲಿ ತಡಸದ ಹತ್ತಿರ ಲಾರಿ ಉರುಳಿ ನನ್ನ ಗಂಡ ತೀರಿಕೊಂಡರು. ಮಾವ ಅಜ್ಜಪ್ಪನವರು ಯಾರಿಗೋ ಹೇಳಿ ಕುಷ್ಠ ಸರ್ವೆಯ ಕೆಲಸ ಕೊಡಿಸಿದರು. ಮೂರು ತಿಂಗಳು ತರಬೇತಿ. ಹತ್ತಿಯ ಎಳೆ ಹಿಡಿಯುವುದನ್ನು ಅಲ್ಲಿಯೇ ಕಲಿತದ್ದು.

ಕೆಲಸಕ್ಕೆ ಸೇರಿದ ಮೊದಲ ವಾರ ಒಬ್ಬ ಬಾಣಂತಿಯ ಅತ್ತೆ ನನ್ನನ್ನು ನೋಡಿ ಬಾಗಿಲಲ್ಲೇ ನಿಂತಳು.

"ಮುಂಜಾನೆದ್ದು ರಂಡಮುಂಡಿ ಮಾರಿ ನೋಡಬೇಕೇನ? ಮೊದಲ ಆಕೀನ್ನ ಹೊರಗ ಕಳಸ್ರಿ ಡಾಕ್ಟರ."

ಡಾಕ್ಟರು ಕಳಿಸಿದರು. "ಸರೋಜಾ ಬಾಯಾರ, ನೀವು ಮರದ ಕಡೆ ಇರ್ರಿ. ಕೇರಿಯವರನ್ನ ನೋಡ್ರಿ. ಆದ್ರ ಮುಟ್ಟಬ್ಯಾಡ್ರಿ. ಮುಟ್ಟಿದ ಕೈಲೆ ಒಳಗ ಬಂದು ಬಾಟ್ಲಿ ಹಿಡದ್ರ ನಾಳೆ ಇಲ್ಲಿ ಯಾರೂ ಔಷಧ ತಗೊಳ್ಳಂಗಿಲ್ಲ."

ಆಗಲಿ ಎಂದೆ. ಆಗ ಯಾರು ಏನು ಹೇಳಿದರೂ ಆಗಲಿ ಎನ್ನುತ್ತಿದ್ದೆ. ಒಂದೂವರೆ ವರ್ಷ ಕೂಗಿದೆ. ಅದನ್ನು ಮುಚ್ಚಿಡುವುದಿಲ್ಲ.

ತಿಳವಳ್ಳಿಯಲ್ಲಿ ಬಸ್ಸಿಳಿದು ಎರಡು ಮೈಲಿ ನಡೆದರೆ ಒಂದು ಊರು. ಅಲ್ಲಿ ಸರಕಾರದ ದುಡ್ಡಿನಲ್ಲಿ ಹೊಸ ಬಾವಿ ತೋಡಿದರು. ಸಿಹಿ ನೀರು. ಅದಕ್ಕಿಂತ ಮೊದಲು ಕೇರಿಯವರು ಹಳ್ಳದ ನೀರು ತರುತ್ತಿದ್ದರು. ಎಮ್ಮೆ ಬಿದ್ದು ಹೊರಳಾಡಿದ ನೀರು. ಹೊಸ ಬಾವಿಗೆ ಕೇರಿಯಿಂದ ಮೊದಲು ಕೊಡ ಇಳಿಸಿದವಳು ಹೊಳೆವ್ವ. ನಲವತ್ತರ ಹೆಂಗಸು. ಗೌಡರ ಕೊಟ್ಟಿಗೆಯಿಂದ ಹೆಂಡಿ ಹೊತ್ತು ತಿಪ್ಪೆಗೆ, ತಿಪ್ಪೆಯಿಂದ ಗೊಬ್ಬರ ಹೊತ್ತು ಹೊಲಕ್ಕೆ ಹಾಕುವುದು ಅವಳ ಕೆಲಸ. ಅವಳ ಅವ್ವನ ಕೆಲಸವೂ ಅದೇ ಆಗಿತ್ತು.

ಆ ದಿನ ಊರವರು ಅವಳ ಹಗ್ಗ ಕೊಯ್ದು ಬಾವಿಗೆ ಬಿಟ್ಟರು. ಅವಳ ಗಂಡ ಗುದ್ಲೆಪ್ಪ ಹಾನಗಲ್ಲಿಗೆ ನಡೆದು ಹೋಗಿ ಅರ್ಜಿ ಕೊಟ್ಟ. ಫೌಜದಾರರು ಬಂದರು. ಚಾವಡಿಯ ಮುಂದೆ ನಿಂತು, ಈಗ ಕಾಯ್ದೆ ಐತಿ, ಜಾತಿ ಹೆಸರು ತಗೊಂಡು ಬಾವಿಗೆ ಅಡ್ಡ ಬಂದರೆ ಒಳಗೆ ಹಾಕಬೇಕಾಗುತ್ತದೆ ಎಂದು ಹೇಳಿದರು. ಪಂಚಾಯತಿ ಚೇರ್ಮನ್ ಬಸವಣ್ಣೆಪ್ಪ ಗೌಡರು ಕೈಮುಗಿದರು. ಒಂದು ತಿಂಗಳು ಹೊಳೆವ್ವ ನೀರು ಸೇದಿದಳು.

ಅದಾದ ಮೇಲೆ ಗೌಡರು ದವಾಖಾನೆಗೆ ಬಂದರು. ನಮ್ಮೂರಾಗ ಒಂದು ಸರ್ವೆ ಆಗಬೇಕು ಎಂದರು.

ನಾವು ಹೋದೆವು. ಕುರ್ಚಿಯನ್ನೂ ಚಕ್ಕಡಿಯಲ್ಲಿ ಹೇರಿಕೊಂಡು ಹೋದೆವು. ಊರಿನ ಓಣಿಯವರನ್ನು ಡಾಕ್ಟರು ಗೌಡರ ಮನೆಯೊಳಗೆ ನೋಡಿದರು. ನಾನು ಬಾಗಿಲ ಹೊರಗೆ ಕುಳಿತು ಬರೆದುಕೊಂಡೆ. ಮೊದಲು ಗೌಡರೇ ಅಂಗಿ ಬಿಚ್ಚಿ ಬೆನ್ನು ತೋರಿಸಿದರು. ಬಿಳಿಚು ಮಚ್ಚೆಗಳು. ಡಾಕ್ಟರು ಉಗುರಿನಿಂದ ಕೆರೆದರು. ತೌಡಿನಂಥ ಪುಡಿ ಉದುರಿತು.

"ಸಿಬ್ಬು ಗೌಡ್ರ. ಬೆವರಿಗೆ ಆಗ್ತದ. ಗಂಧಕದ ಮುಲಾಮು ಹಚ್ಚಿಕೊಳ್ರಿ."

ಆ ಓಣಿಯಲ್ಲಿ ಸಿಬ್ಬು ಒಂಬತ್ತು, ಗಜಕರ್ಣ ನಾಲ್ಕು, ಇಸಬು ಎರಡು. ಕುಷ್ಠ ಒಂದೂ ಇಲ್ಲ.

ಮಧ್ಯಾಹ್ನ ಕುರ್ಚಿಯನ್ನು ಚಾವಡಿಯ ಕಟ್ಟೆಗೆ ತಂದು ಇಟ್ಟರು. ಕೇರಿಯವರು ಹುಣಸೆ ಮರದ ಕೆಳಗೆ ನಿಂತರು. ಯಾರೂ ಅಳೆದಿರಲಿಲ್ಲ. ಆದರೂ ಹದಿನೈದು ಹೆಜ್ಜೆಯೇ ಇತ್ತು. ಹೊಳೆವ್ವ ಸೆರಗು ಸರಿಸಿ ಎಡ ಹೆಗಲು ತೋರಿಸಿದಳು. ಹೆಂಡಿಯ ಬುಟ್ಟಿ ಸೋರಿ ಸೋರಿ ಆ ಹೆಗಲು ವರ್ಷವೆಲ್ಲ ಹಸಿಯಾಗಿರುತ್ತಿತ್ತು. ಬಿಳಿಚು ಮಚ್ಚೆ. ಗೌಡರ ಬೆನ್ನಿನ ಮೇಲಿದ್ದ ಅದೇ ಮಚ್ಚೆ. ನಾನು ಬಣ್ಣ ಕೂಗಿದೆ. ಗಾತ್ರ ಕೂಗಿದೆ, ಅಂಗೈ ಅಗಲ. ಅಂಚು, ಮೇಲ್ಮೈ. ಡಾಕ್ಟರು ಐದನೆಯದನ್ನು ಬರೆದುಕೊಂಡರು. ಹನ್ನೊಂದು ಹೆಸರು. ಹನ್ನೊಂದೂ ಕುಷ್ಠದ ಶಂಕೆ. ಕೇರಿಯಲ್ಲಿ ಇದ್ದದ್ದೇ ಹನ್ನೊಂದು ಮನೆ.

ಎಂಟು ದಿನದಲ್ಲಿ ಬಾವಿಯ ಕಂಬಕ್ಕೆ ಹಲಗೆ ಹೊಡೆದರು. 'ಚರ್ಮರೋಗವಿದ್ದವರೂ ಅವರ ಮನೆಯವರೂ ಈ ಬಾವಿಯ ನೀರು ಸೇದಬಾರದು. ಇವರ ಸಂಪರ್ಕ ಊರಿಗೆ ಅಪಾಯ. ಡಾಕ್ಟರರ ಅಪ್ಪಣೆ.' ಕೆಳಗೆ ಹನ್ನೊಂದು ಹೆಸರು. ಜಾತಿಯ ಮಾತು ಎಲ್ಲಿಯೂ ಇಲ್ಲ. ಫೌಜದಾರರು ಬಂದು ಓದಿಕೊಂಡು ಹೊರಟು ಹೋದರು.

ಹೊಳೆವ್ವ ಒಂಬತ್ತು ಮೈಲಿ ನಡೆದು ದವಾಖಾನೆಗೆ ಬಂದಳು. ಮರದ ಕೆಳಗೆ ನಿಂತಳು. ಡಾಕ್ಟರು ಊಟಕ್ಕೆ ಹೋಗಿದ್ದರು.

"ಬಾಯಾರ, ಅವತ್ತ ನೀವು ಕೂಗಿದ್ರಿ. ನಾ ಕೇಳೇನಿ. ಬಿಳಿಚು ಅಂದ್ರಿ. ಅಂಗೈ ಅಗಲ ಅಂದ್ರಿ. ಖರೇ ಐತಿ. ಆದ್ರ ನನ್ನ ಮೈಗೆ ಮುಟ್ಟಿದ್ದು ಗೊತ್ತಾಗಂಗಿಲ್ಲ ಅಂತ ಬರದೈತಿ ಅಂತಾರ ಊರಾಗ. ಅದನ್ನ ಯಾರು ಕೂಗಿದ್ರು?"

"ನಾನಲ್ಲ."

"ಮತ್ತ ಯಾರು?"

ನಾನು ಪಡಸಾಲೆಯ ಮೇಲಿನ ಖಾಲಿ ಕುರ್ಚಿಯ ಕಡೆ ನೋಡಿದೆ.

"ನನ್ನ ಮೈಗೆ ಗೊತ್ತಾಗೂದು ಬಿಡೂದು ಅಲ್ಲಿ ಕುಂತಾವ್ರಿಗೆ ಹೆಂಗ ಗೊತ್ತಾತ್ರಿ? ಗಾಳಿ ಬಂದು ಹೇಳ್ತೇನು?" ಅವಳ ದನಿ ಏರಿತು. "ಬೀಗರು ಬಂದು ಚರಿಗಿ ನೀರು ಮುಟ್ಲಿಲ್ಲ. ನನ್ನ ಗಂಡ ಹೊರಗ ಮಲಗ್ತಾನ. ಹುಚ್ಚ. ಇಪ್ಪತ್ತು ವರ್ಷ ಇದ ಹೆಗಲ ಮ್ಯಾಲ ತಲಿ ಇಟ್ಟ ಮಲಗ್ಯಾನ. ಮುಟ್ಟಿ ನೋಡ್ರಿ ಬಾಯಾರ. ಈಗ ನೋಡ್ರಿ."

ಕಂಪೌಂಡರ್ ಶಹಾಬುದ್ದೀನ ಕಿಟಕಿಯಲ್ಲಿ ನಿಂತಿದ್ದ. ನಾನು ಕೇಳುವ ಮೊದಲೇ ಹತ್ತಿ ತಂದು ಕೊಟ್ಟ.

ಎಳೆಯನ್ನು ಹೊಸೆದು ಚೂಪು ಮಾಡಿದೆ. ಹೊಳೆವ್ವ ಕಣ್ಣು ಮುಚ್ಚಿದಳು. ತಾಗಿಸಿದೆ.

"ಇಲ್ಲಿ." ಬೆರಳಿಟ್ಟಳು. ಸರಿಯಾಗಿ ಅಲ್ಲಿಯೇ.

ಮತ್ತೊಂದು ಕಡೆ.

"ಇಲ್ಲಿ. ಇರಿವಿ ಹರದಂಗಾತು."

ಹತ್ತು ಸಲ ತಾಗಿಸಿದೆ. ಹತ್ತೂ ಸಲ ತೋರಿಸಿದಳು. ಒಮ್ಮೆ ತಾಗಿಸದೆ ಸುಮ್ಮನೆ ನಿಂತೆ. ಅವಳು ಕಣ್ಣು ಮುಚ್ಚಿಕೊಂಡೇ ನಕ್ಕಳು. "ಈಗ ಏನೂ ಮಾಡ್ಲಿಲ್ಲ ನೀವು. ಮೋಸ ಮಾಡ್ತೀರಿ." ಉಗುರಿನಿಂದ ಕೆರೆದೆ. ತೌಡು ಉದುರಿತು.

ಎರಡು ವರ್ಷದಿಂದ ನಾನು ಯಾರ ಮೈಯನ್ನೂ ಮುಟ್ಟಿರಲಿಲ್ಲ. ನನ್ನನ್ನೂ ಯಾರೂ ಮುಟ್ಟಿರಲಿಲ್ಲ. ಹೊಳೆವ್ವ ನನ್ನ ಕೈಯಿಂದ ಹತ್ತಿ ತೆಗೆದುಕೊಂಡಳು.

"ನೀವೂ ಕಣ್ಣ ಮುಚ್ರಿ ನೋಡೂಣು."

ಮುಚ್ಚಿದೆ. ಮುಂಗೈಗೆ ಏನೋ ತಾಗಿತು.

"ಗೊತ್ತಾತೇನ್ರಿ?"

"ಗೊತ್ತಾಯಿತು."

"ಪುಣ್ಯಾ. ನಿಮಗೂ ರೋಗ ಇಲ್ಲ."

ಶಹಾಬುದ್ದೀನ ಗಂಧಕದ ಮುಲಾಮನ್ನು ಮುತ್ತಲದ ಎಲೆಯಲ್ಲಿ ಕಟ್ಟಿಕೊಟ್ಟ.

ಡಾಕ್ಟರು ಬಂದ ಮೇಲೆ ಹೇಳಿದೆ. ಅವಳದು ಸಿಬ್ಬು. ನಾನು ಪರೀಕ್ಷೆ ಮಾಡಿದ್ದೇನೆ. ರಿಜಿಸ್ಟರ್ ತಿದ್ದಬೇಕು.

"ಮುಟ್ಟಿದ್ರೇನು?"

"ಮುಟ್ಟಿದೆ."

ಅವರು ಕುರ್ಚಿಯನ್ನು ಒಂದು ಗೇಣು ಹಿಂದೆ ಸರಿಸಿಕೊಂಡರು. "ಬರದದ್ದು ಬರದದ್ದು. ನಾ ಕುಷ್ಠ ಅಂತ ಬರದಿಲ್ಲ, ಶಂಕಾ ಅಂತ ಬರದೇನಿ. ಶಂಕಾಕ್ಕ ಪುರಾವೆ ಬೇಕೇನು?"

"ಗೌಡರ ಬೆನ್ನಿನ ಮ್ಯಾಲೂ ಅದೇ ಇತ್ತಲ್ರಿ."

"ಅದನ್ನ ನಾನು ಕೈಲೆ ಮುಟ್ಟಿ ನೋಡೇನಿ ಬಾಯಾರ."

"ಇದನ್ನೂ ಮುಟ್ಟಿ ನೋಡ್ರಿ."

ಅವರು ಪೆನ್ನಿನ ಮುಚ್ಚಳ ತಿರುಗಿಸಿದರು. "ನಿಮ್ಮ ಮಾವನೋರ ಮಾರಿ ನೋಡಿ ಈ ಕೆಲಸ ಕೊಟ್ಟೈತಿ. ಅದನ್ನ ಮರೀಬ್ಯಾಡ್ರಿ."

ಮರುದಿನ ನನ್ನ ಸ್ಟೂಲು ಹೊರಗೆ ಬೇವಿನ ಮರದ ಬುಡಕ್ಕೆ ಬಂದಿತ್ತು. ಇನ್ನು ನಾನು ಒಳಗೆ ಬರುವಂತಿಲ್ಲ. ನೀರಿನ ಲೋಟವನ್ನೂ ಬೇರೆ ಮಾಡಿದ್ದರು. ಶಹಾಬುದ್ದೀನ ತನ್ನ ಡಬ್ಬಿ ತೆಗೆದುಕೊಂಡು ಊಟಕ್ಕೆ ಮರದ ಕೆಳಗೇ ಬಂದ. "ಬರ್ರಿ ಬಾಯಾರ, ನೆಳ್ಳ ಚಲೋ ಐತಿ. ಒಳಗ ಬರೇ ಫಿನೈಲ ವಾಸನಿ."

ಜಿಲ್ಲೆಗೆ ಪತ್ರ ಬರೆದೆ. ಉತ್ತರ ಬರಲಿಲ್ಲ. ಮತ್ತೊಂದು ಬರೆದೆ. ಬರಲಿಲ್ಲ. ಮೂರನೆಯದಕ್ಕೆ ಒಂದು ಸಾಲಿನ ಉತ್ತರ ಬಂತು. ತಮ್ಮ ಮೇಲಧಿಕಾರಿಗಳ ಮುಖಾಂತರ ಬರೆಯತಕ್ಕದ್ದು. ನನ್ನ ಮೇಲಧಿಕಾರಿ ಡಾಕ್ಟರೇ. ಕೇರಿಯ ಹೆಂಗಸರು ಹಳ್ಳಕ್ಕೆ ಹೋಗುತ್ತಿದ್ದರು. ಬೇಸಿಗೆ. ಹಳ್ಳದಲ್ಲಿ ಗುಂಡಿ ತೋಡಿ ಚಿಪ್ಪಿನಿಂದ ನೀರು ತುಂಬುತ್ತಿದ್ದರು. ಒಂದು ಕೊಡಕ್ಕೆ ಅರ್ಧ ತಾಸು. ಮಕ್ಕಳ ಮೈಯೆಲ್ಲ ಕಜ್ಜಿ. ನಿಜವಾದ ಚರ್ಮರೋಗ ಆಮೇಲೆ ಬಂತು. ಡಾಕ್ಟರರ ಅಪ್ಪಣೆಯಿಂದ ಬಂತು.

ಮುಲಾಮು ತೀರಿತೆಂದು ಹೊಳೆವ್ವ ಇನ್ನೊಮ್ಮೆ ಬಂದಳು. ಹೆಗಲ ಮಚ್ಚೆ ಮಾಸಿತ್ತು. ಹಲಗೆಯ ಮೇಲಿನ ಹೆಸರು ಮಾಸಿರಲಿಲ್ಲ.

"ಅದರಾಗ ಏನೇನ ಬರದೈತಿ, ಒಂದ ಸಲ ಪೂರಾ ಹೇಳ್ರಿ ಬಾಯಾರ."

ಹೇಳಿದೆ. ಬಾಯಿಪಾಠವಾಗಿತ್ತು.

"ಸಂಪರ್ಕ ಅಂದ್ರೇನ್ರಿ?"

"ನೀವು ಮುಟ್ಟೋದು. ನೀವು ಮುಟ್ಟಿದ್ದನ್ನ ಅವರು ಮುಟ್ಟೋದು."

"ನೀರಷ್ಟ?"

"ಇಲ್ಲ. ಎಲ್ಲಾ."

"ಎಲ್ಲಾ?" ಅವಳು ನನ್ನ ಮುಖವನ್ನೇ ನೋಡಿದಳು. "ಹೆಂಡೀನೂ? ಗೊಬ್ಬರಾನೂ? ಆಕಳ ಮೈ ತಿಕ್ಕೂದು? ಭತ್ತಾ ಹಚ್ಚೂದು?"

"ಎಲ್ಲಾ."

"ಡಾಕ್ಟರ ಅಪ್ಪಣಿ?"

"ಹೌದು."

ಹೊಳೆವ್ವ ಮುಲಾಮನ್ನು ಸೆರಗಿಗೆ ಗಂಟು ಹಾಕಿಕೊಂಡಳು. "ಸರಕಾರಿ ಅಪ್ಪಣಿ ಮೀರಬಾರದ್ರಿ," ಎಂದಳು. ಹೋದಳು.

ಮರುದಿನ ಕೇರಿಯಿಂದ ಯಾರೂ ಗೌಡರ ಕೊಟ್ಟಿಗೆಗೆ ಹೋಗಲಿಲ್ಲ. ಇನ್ನೊಬ್ಬರ ಕೊಟ್ಟಿಗೆಗೂ ಹೋಗಲಿಲ್ಲ. ಗೌಡರು ಆಳು ಕಳಿಸಿ ಕರೆಸಿದರು. ಹೊಳೆವ್ವ ಅಂಗಳದಾಚೆ ನಿಂತು ಹೇಳಿದಳಂತೆ: "ನಮಗ ದೊಡ್ಡ ರೋಗ ಐತ್ರಿ ಗೌಡ್ರ. ನೀವ ಹಲಗಿ ಹೊಡಿಸೀರಿ. ನಮ್ಮ ಕೈ ನಿಮ್ಮ ಆಕಳಿಗೆ ಹತ್ತಿ, ಹಾಲಿಗೆ ಹತ್ತಿ, ನಿಮ್ಮ ಹೊಟ್ಟಿಗೆ ಹೋದ್ರ ಪಾಪ ಯಾರಿಗೆ?"

ಬೈದರು. ಬಾರುಕೋಲು ಎತ್ತಿದರು. ಹೊಡೆಯಬೇಕೆಂದರೂ ಹತ್ತಿರ ಹೋಗಬೇಕು. ಊರ ಹೆಂಗಸರೇ ಬೇಡವೆಂದರು. ಅವರು ಹಲಗೆಯನ್ನು ನಂಬಿದ್ದರು.

ಒಂಬತ್ತು ದಿನ. ಕೊಟ್ಟಿಗೆಗಳಲ್ಲಿ ಹೆಂಡಿ ಮೊಣಕಾಲಿಗೆ ಬಂತು. ದನಗಳ ಗೊರಸು ಕೊಳೆಯತೊಡಗಿದವು. ಮಳೆ ಹದಿನೈದು ದಿನದಲ್ಲಿತ್ತು. ತಿಪ್ಪೆಯ ಗೊಬ್ಬರ ತಿಪ್ಪೆಯಲ್ಲೇ ಇತ್ತು. ತಿಳವಳ್ಳಿಯಿಂದ ಕೂಲಿಯವರನ್ನು ಕರೆದರು. ಕುಷ್ಠದ ಊರಿಗೆ ಬರುವುದಿಲ್ಲ ಎಂದು ಅವರೂ ಹೇಳಿದರು.

ಹತ್ತನೆಯ ದಿನ ಗೌಡರು ದವಾಖಾನೆಗೆ ಬಂದರು. ಡಾಕ್ಟರೂ ಅವರೂ ಒಳಗೆ ಮಾತಾಡಿದರು. ಹೊರಗೆ ಬಂದು ಡಾಕ್ಟರು ನನಗೆ ಹೇಳಿದರು. ನಾಳೆ ಆ ಊರಿಗೆ ಮತ್ತೆ ಹೋಗಬೇಕು. ಹನ್ನೊಂದು ಜನರಿಗೂ ಹೊಸ ದಾಖಲೆ. ಹೊಲ ಮನೆ ಕೆಲಸಕ್ಕೆ ಅಡ್ಡಿ ಇಲ್ಲ. ಬಾವಿಯ ನೀರಿಗೆ ಮಾತ್ರ ಅಡ್ಡಿ.

"ಅಂಥಾ ರೋಗ ಯಾವುದ್ರಿ?" ಎಂದೆ.

"ನೀವು ಕೂಗ್ರಿ ಸಾಕು. ಬರಿಯಾಂವ ನಾನು."

ಕುರ್ಚಿ ಮತ್ತೆ ಚಕ್ಕಡಿ ಏರಿತು. ಮತ್ತೆ ಚಾವಡಿಯ ಕಟ್ಟೆಗೆ ಇಳಿಯಿತು. ಊರೆಲ್ಲ ಸೇರಿತ್ತು. ಹೆಂಡಿಯ ನಾತ ಚಾವಡಿಯವರೆಗೂ ಬಂದಿತ್ತು. ಹನ್ನೊಂದು ಜನ ಹುಣಸೆ ಮರದ ಕೆಳಗೆ ನಿಂತರು. ನಾನು ಅವರ ಹತ್ತಿರ ನಿಂತೆ. ಹೊಳೆವ್ವ ಹೆಗಲು ತೋರಿಸಿದಳು.

ಡಾಕ್ಟರು ಪೆನ್ನು ತೆಗೆದರು. "ಬಣ್ಣ?"

ನಾನು ಕೂಗಲಿಲ್ಲ.

"ಬಾಯಾರ, ಬಣ್ಣ?"

"ಇಳಿದು ಬರ್ರಿ," ಎಂದೆ. "ಬಂದು ನೋಡ್ರಿ."

"ಏನು?"

"ನಾನು ಕೂಗಂಗಿಲ್ಲ. ನೀವು ಬಂದು ಮುಟ್ಟಿ ನೋಡಿ ಬರೀರಿ."

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು. ಹದಿನೈದು ಹೆಜ್ಜೆ ದೂರದಿಂದ ಅವರಿಗೆ ಏನೂ ಕಾಣುತ್ತಿರಲಿಲ್ಲ. ಎಂದೂ ಕಂಡಿರಲಿಲ್ಲ.

ಗೌಡರು ಎದ್ದರು. "ಬಾಯಾರ, ನೀವು ದೊಡ್ಡ ಮನಿತನದ ಸೊಸಿ. ಹಣಿಬರಾ ನೆಟ್ಟಗಿಲ್ಲ ಅಂತ ಇಲ್ಲಿ ಬಂದೀರಿ. ಇವರ ಕೂಡ ಯಾಕ ನಿಲ್ತೀರಿ?"

"ನನ್ನನ್ನ ಇಲ್ಲಿ ನಿಲ್ಲಿಸಿದವರು ನೀವ," ಎಂದೆ.

ಹೊಳೆವ್ವ ಕಣ್ಣು ಮುಚ್ಚಿದಳು. ತೋಳು ಚಾಚಿದಳು. "ಬರ್ರಿ ಡಾಕ್ಟರ. ಹತ್ತಿ ಬ್ಯಾಡ, ಬೆರಳ್ಲೆ ಮುಟ್ರಿ. ನನಗ ಗೊತ್ತಾಗಲಿಲ್ಲಂದ್ರ ಈ ಊರ ಬಿಟ್ಟ ಹೋಗ್ತೇನಿ."

ಅವಳು ಹಾಗೆಯೇ ನಿಂತಳು. ಅವಳ ಹಿಂದೆ ಹತ್ತು ಜನ ಕಣ್ಣು ಮುಚ್ಚಿ ತೋಳು ಚಾಚಿದರು. ಪಟ್ಟಿಯಲ್ಲಿಲ್ಲದ ಗುದ್ಲೆಪ್ಪನೂ ಬಂದು ಚಾಚಿದ. ಡಾಕ್ಟರು ಎದ್ದು ನಿಂತರು. ಕಟ್ಟೆಯ ಅಂಚಿಗೆ ಬಂದರು. ಅಷ್ಟೇ. ಇಳಿಯಲಿಲ್ಲ.

ನಾನು ಹೋಗಿ ಅವರ ಮುಂದಿದ್ದ ರಿಜಿಸ್ಟರ್ ತೆಗೆದುಕೊಂಡೆ. ಹೊಸ ಪುಟದಲ್ಲಿ ಬರೆದಿಟ್ಟಿದ್ದ ಹನ್ನೊಂದು ಹೆಸರಿನ ಮುಂದೆ ಐದನೆಯ ಕಾಲಮಿನಲ್ಲಿ ಬರೆದೆ: 'ಪರೀಕ್ಷೆ ಮಾಡಿಲ್ಲ. ಡಾಕ್ಟರರು ಹದಿನೈದು ಹೆಜ್ಜೆ ದೂರದಲ್ಲಿ ಕುಳಿತಿದ್ದರು.' ಹನ್ನೊಂದು ಸಲ ಬರೆದೆ. ಒಮ್ಮೆ ಬರೆದು ಕೆಳಗೆ ಗೀಟು ಎಳೆಯಬಹುದಾಗಿತ್ತು. ಎಳೆಯಲಿಲ್ಲ. ಕೆಳಗೆ ನನ್ನ ಸಹಿ ಹಾಕಿದೆ. ಅದರ ಪುಟಗಳಿಗೆ ನಂಬರು ಇದ್ದವು. ಹರಿಯಲು ಬರುತ್ತಿರಲಿಲ್ಲ.

"ನಿಮ್ಮ ಕೆಲಸಾ ಹೋತು ತಿಳೀರಿ," ಎಂದರು ಡಾಕ್ಟರು.

"ಕೂಗೋ ಕೆಲಸಾ ಹೋತು," ಎಂದೆ.

ಹೊಳೆವ್ವ ಕಣ್ಣು ತೆರೆದಳು. ಮನೆಗೆ ಹೋಗಿ ಕೊಡ ತಂದಳು. ಬಾವಿಯ ಕಡೆಗೆ ನಡೆದಳು. ಗೌಡರು ಕೂಗಿದರು. "ಏ ಹೊಳೆವ್ವ, ಹಲಗಿ ಐತಿ ಅಲ್ಲಿ!"

"ನನಗ ಓದಾಕ ಬರಂಗಿಲ್ರಿ ಗೌಡ್ರ. ಓದಾಕ ಬರಾವ್ರ ಹೆಂಡಿ ಹೊರ್ರಿ."

ಅವಳ ಹಗ್ಗ ಹೊಸದಾಗಿತ್ತು. ಕೊಡ ಬಾವಿಯ ನೀರಿಗೆ ಬಿದ್ದ ಸಪ್ಪಳ ಚಾವಡಿಯವರೆಗೆ ಕೇಳಿಸಿತು. ಯಾರೂ ಕದಲಲಿಲ್ಲ. ಮೋಡ ಆಗಿತ್ತು.

ಎರಡು ದಿನ ಬಿಟ್ಟು ಹಲಗೆಯನ್ನು ಕಿತ್ತರು. ನ್ಯಾಯಕ್ಕಾಗಿ ಕೀಳಲಿಲ್ಲ. ಗೊಬ್ಬರಕ್ಕಾಗಿ ಕಿತ್ತರು. ಅದಾದ ಮೇಲೆ ಓಣಿಯ ಹೆಂಗಸರು ಆ ಬಾವಿಗೆ ಬರುವುದನ್ನೇ ಬಿಟ್ಟರು. ಗೌಡರು ತಮ್ಮ ಹಿತ್ತಲಲ್ಲಿ ಬೇರೆ ಬಾವಿ ತೋಡಿಸಿದರು. ಸರಕಾರದ ಬಾವಿಗೆ ಈಗ ಕೇರಿಯ ಬಾವಿ ಎನ್ನುತ್ತಾರೆ. ಗೆದ್ದೆವೋ ಸೋತೆವೋ ಎಂದು ಗುದ್ಲೆಪ್ಪ ಕೇಳಿದ. "ನೀರಂತೂ ಸಿಹಿ ಐತಲ್ಲ," ಎಂದಳು ಹೊಳೆವ್ವ.

ಹೊಳೆವ್ವನ ಹೆಗಲ ಸಿಬ್ಬು ಮಳೆಗಾಲಕ್ಕೆ ಮತ್ತೆ ಬಂದಿದೆಯಂತೆ. ಬುಟ್ಟಿ ಇನ್ನೂ ಸೋರುತ್ತದೆ.

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ನನ್ನನ್ನು ತೆಗೆಯಬೇಕೆಂದರೆ ರಿಜಿಸ್ಟರಿನ ಆ ಪುಟವನ್ನು ಮೇಲಿನವರಿಗೆ ತೋರಿಸಬೇಕಾಗುತ್ತಿತ್ತು. ಹಿರೇಕೆರೂರು ತಾಲೂಕಿಗೆ ವರ್ಗ ಮಾಡಿದರು. ಟ್ರಂಕು, ಹತ್ತಿಯ ಉಂಡೆ, ಒಂದು ಕೌದಿ. ಹೊಸ ದವಾಖಾನೆಗೆ ಹೋದ ದಿನ ಮೊದಲು ಅಂಗಳ ನೋಡಿದೆ. ಪಡಸಾಲೆಯಲ್ಲಿ ಕುರ್ಚಿ ಇತ್ತು. ಅಂಗಳದಾಚೆ ಹೊಂಗೆ ಮರ. ಮರದ ಕೆಳಗೆ ಒಬ್ಬ ಮುದುಕಿ ಕೂಸನ್ನು ಎತ್ತಿಕೊಂಡು ನಿಂತಿದ್ದಳು. ಕೂಸಿನ ಗಲ್ಲದ ಮೇಲೆ ಬಿಳಿಚು ಮಚ್ಚೆ. ನಾನು ಹೆಜ್ಜೆ ಎಣಿಸುತ್ತ ಅವಳ ಹತ್ತಿರ ಹೋದೆ. ಹನ್ನೆರಡು.

ಹೊಸ ಡಾಕ್ಟರು ಪೆನ್ನು ತೆಗೆದರು. ತರುಣ. ಒಳ್ಳೆಯವನಂತೆ ಕಂಡ.

"ಬಾಯಾರ, ಬಣ್ಣ ಹೇಳ್ರಿ."

ನಾನು ಹತ್ತಿಯ ಎಳೆ ಹೊಸೆದೆ.

"ಇಳಿದು ಬರ್ರಿ," ಎಂದೆ.